ಸ್ಟುಡಿಯೋ ಸಾರ್ ಇಲ್ಲ ಅಂದ ದಿನ

ಎಲ್ಲಕ್ಕೂ ಕಾರಣ, ಸ್ಟುಡಿಯೋ ಸಾರ್‌ಗೆ ಇಲ್ಲ ಅನ್ನಲು ಬಾರದಿದ್ದುದು. ಪ್ರಾಯವನ್ನೆಲ್ಲ ಫೋಟೋ ಸ್ಟುಡಿಯೋದಲ್ಲಿ ಕಳೆದು, ಜನ ತಮ್ಮ ಫೋಟೋ ತಾವೇ ಹೊಡೆದುಕೊಳ್ಳುವ ಕಾಲ ಬಂದಾಗ ಅದಕ್ಕೆ ಬೀಗ ಹಾಕಿ, ತಲೆ ನರೆಯುವ ಹೊತ್ತಿಗೆ ಕಂಪ್ಯೂಟರ್ ಭದ್ರತೆಯ ಕೋರ್ಸು ಓದಿ, ಒಂದು ಪಾರ್ಸೆಲ್ ಕಂಪನಿಯ ಹೆಲ್ಪ್‌ಡೆಸ್ಕಿಗೆ ಸೇರಿದವರು ಅವರು. ಸೇರಿದ ದಿನ ಆಫೀಸಿನವರು ಇಟ್ಟ ಹೆಸರೇ ನಿಂತುಬಿಟ್ಟಿತು. ಪಾಸ್‌ವರ್ಡ್ ಮರೆತವರು, ಪ್ರಿಂಟರಿನ ಹೊಟ್ಟೆಯಲ್ಲಿ ಕಾಗದ ಸಿಕ್ಕಿಸಿಕೊಂಡವರು, ವೈರು ಕಿತ್ತುಬಿಟ್ಟು ಕಂಪ್ಯೂಟರ್ ಸತ್ತಿದೆ ಎಂದು ಓಡಿಬರುವವರು, ಎಲ್ಲರಿಗೂ ಅವರೇ ದಿಕ್ಕು. ಯಾರು ಏನು ಕೇಳಿದರೂ ‘ಆಯ್ತು, ಮಾಡಿಕೊಡೋಣ’ ಎನ್ನುವರು.

ಕಣ್ಣಿದ್ದದ್ದು ಮಾತ್ರ ಗಾಜಿನ ಗೋಡೆಯಾಚೆಯ ಭದ್ರತಾ ವಿಭಾಗದ ಮೇಲೆ. ಕಂಪನಿಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವವರ ಕೋಣೆ ಅದು. ಅಲ್ಲೊಂದು ಕುರ್ಚಿ ಖಾಲಿ ಇತ್ತು. ಈ ವಯಸ್ಸಿನಲ್ಲಿ ಓದೇನು ಎಂದು ನಕ್ಕ ನೆಂಟರ ಬಾಯಿ ಮುಚ್ಚಿಸಿ ಫೀಸು ಕಟ್ಟಿದವಳು ಹೆಂಡತಿ. ಆ ಕುರ್ಚಿ ಸಿಗದಿದ್ದರೆ ಅವಳಿಗೆ ಹೇಗೆ ಮುಖ ತೋರಿಸುವುದೆಂಬುದೇ ಅವರ ಚಿಂತೆ.

ಆ ಬೆಳಿಗ್ಗೆ ಭದ್ರತಾ ವಿಭಾಗದ ಮುಖ್ಯಸ್ಥೆ ಅವರನ್ನು ಒಳಗೆ ಕರೆದಳು. ವಯಸ್ಸಿನಲ್ಲಿ ಅವರಿಗಿಂತ ತುಂಬ ಚಿಕ್ಕವಳು, ಮಾತಿನಲ್ಲಿ ಅಜ್ಜಿ.

“ಸಾರ್, ಕೆಲಸ ನಿಮಗೆ ಬರತ್ತೆ. ಆದ್ರೆ ಎದುರಿಗಿರೋರ ಮುಖ ನೋಡಿದ ಕೂಡ್ಲೇ ಕರಗಿಬಿಡ್ತೀರಿ. ಇವತ್ತು ಯಾರೋ ಒಬ್ರು ನಿಮ್ಮನ್ನ ಏಮಾರಿಸೋಕೆ ಬರ್ತಾರೆ. ಯಾರು, ಯಾವಾಗ, ಹೇಳಲ್ಲ. ಏಮಾರದೆ ಉಳಿದ್ರೆ ಆ ಕುರ್ಚಿ ನಿಮ್ದು.”

ಸ್ಟುಡಿಯೋ ಸಾರ್ ಅಂಗಿಯ ತೋಳು ಮಡಚಿ ಹೆಲ್ಪ್‌ಡೆಸ್ಕಿನಲ್ಲಿ ಕೂತರು. ನಿಯಮ ಸರಳವಾಗಿತ್ತು: ಹೊಸ ಪಾಸ್‌ವರ್ಡ್ ಬೇಕಾದವರು ಗುರುತಿನ ಕಾರ್ಡು ಹಿಡಿದು ಎದುರಿಗೆ ಬರಬೇಕು. ಇಲ್ಲವಾದರೆ, ಕೆಲಸಕ್ಕೆ ಸೇರಿದಾಗ ತಾವೇ ಆರಿಸಿಕೊಂಡ ಮೂರು ಖಾಸಗಿ ಪ್ರಶ್ನೆಗಳಿಗೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸರಿಯುತ್ತರ ಕೊಡಬೇಕು. ಇಲ್ಲಿಯವರೆಗೆ ಸಾರ್ ಒಂದು ಉತ್ತರ ತಪ್ಪಿದರೆ ‘ಇರಲಿ ಬಿಡಿ’ ಎನ್ನುತ್ತಿದ್ದರು.

ಮೊದಲ ಫೋನು ಊರಾಚೆಯ ಗೋದಾಮಿನ ಗುಮಾಸ್ತೆಯದು. ಪಾರ್ಸೆಲ್ ಲಾರಿಗಳು ಸಾಲಾಗಿ ನಿಂತಿವೆ, ಕಂಪ್ಯೂಟರ್ ಒಳಗೆ ಬಿಡುತ್ತಿಲ್ಲ ಎಂದಳು. ಇಷ್ಟದ ಬಣ್ಣ ಯಾವುದೆಂದು ಸಾರ್ ಕೇಳಿದರು. ನೀಲಿ ಎಂದಳು, ತಪ್ಪಾಯಿತು. ಹಸಿರು ಎಂದಳು, ಅದೂ ತಪ್ಪಾಯಿತು. ಅದನ್ನು ಬರೆದಾಗ ತನಗಿನ್ನೂ ಮದುವೆಯಾಗಿರಲಿಲ್ಲ, ಆಮೇಲೆ ಇಷ್ಟಗಳೆಲ್ಲ ಬದಲಾದವು ಎಂದು ಅಲವತ್ತುಕೊಂಡಳು. ಸಾರ್ ಕರಗಲಿಲ್ಲ. ಕಾರ್ಡು ಹಿಡಿದು ಬನ್ನಿ ಎಂದು ಫೋನಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಆಕೆ ಎರಡು ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಬಂದೇಬಿಟ್ಟಳು. ಸಾರ್ ಕಾರ್ಡಿನ ಫೋಟೋವನ್ನೂ ಮುಖವನ್ನೂ ನೋಡಿದರು. ಸಾವಿರಾರು ಪಾಸ್‌ಪೋರ್ಟ್ ಫೋಟೋ ತೆಗೆದ ಕಣ್ಣು ಅದು.

“ಇದರಲ್ಲಿ ಕಿವಿ ಕಾಣ್ತಿಲ್ಲ ಅಮ್ಮ. ಕೂದಲು ಮುಚ್ಚಿಬಿಟ್ಟಿದೆ. ಕಿವಿ ಕಾಣದೆ ಇದು ನೀವೇ ಅಂತ ನಾನು ಹೇಗೆ ಹೇಳಲಿ?”

“ಸಾರ್, ಹೋದ ತಿಂಗಳು ನನ್ನ ಕೀಬೋರ್ಡಿಗೆ ನೀರು ಬಿದ್ದಾಗ ನೀವೇ ಬಂದು ಒರೆಸಿಕೊಟ್ರಿ.”

ಕಳ್ಳರು ಇಷ್ಟು ವಿಷಯ ಕಲೆಹಾಕಿಕೊಂಡೇ ಬರುತ್ತಾರೆಂದು ಕೋರ್ಸಿನಲ್ಲಿ ಓದಿದ್ದು ಸಾರ್‌ಗೆ ನೆನಪಾಯಿತು. ಆಕೆ ಕಣ್ಣೀರು ಹಾಕುತ್ತ ಮೆಟ್ಟಿಲಿಳಿದಳು. ಪಕ್ಕದ ಮೇಜಿನ ಕನ್ನಡಕದ ಹುಡುಗಿ, ಅವಳು ನಿಜವಾಗಿಯೂ ಗೋದಾಮಿನವಳೇ ಎಂದು ಪಿಸುಗುಟ್ಟಿದಳು. ನಿಮಗೆ ಅನುಭವ ಸಾಲದು ಎಂದರು ಸಾರ್.

ಆಮೇಲೆ ಬಂದವರು ಸಾಕ್ಷಾತ್ ನಿರ್ದೇಶಕರು. ಕಾರ್ಡು ಇನ್ನೊಂದು ಕೋಟಿನಲ್ಲಿ ಉಳಿದಿತ್ತು, ಮೂರು ಪ್ರಶ್ನೆಗಳ ಉತ್ತರ ಮರೆತೇಹೋಗಿತ್ತು, ಹೊರಗಿನ ಅತಿಥಿಗಳು ಬಂದು ಕೂತಿದ್ದರು, ಕಂಪ್ಯೂಟರ್ ಬೀಗ ಹಾಕಿಕೊಂಡಿತ್ತು. ಸಾರ್ ಕಾರ್ಡು ಕೇಳಿದರು. ನಿರ್ದೇಶಕರು ಸಾರ್‌ನ ತಲೆಯ ಮೇಲೆ ಗೋಡೆಗೆ ತೂಗುಹಾಕಿದ್ದ ತಮ್ಮದೇ ದೊಡ್ಡ ಫೋಟೋವನ್ನು ಬೆರಳಿನಿಂದ ತೋರಿಸಿದರು. ಸಾರ್ ತಿರುಗಿ ನೋಡಿದರು. ಫೋಟೋದಲ್ಲಿ ಮೀಸೆ ಇತ್ತು, ಎದುರಿಗೆ ಇರಲಿಲ್ಲ.

“ಕ್ಷಮಿಸಿ, ಆಗಲ್ಲ,” ಎಂದರು ಸಾರ್. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಅವರು ಆ ಮಾತು ಆಡಿರಲಿಲ್ಲ. ಒಳಗೊಳಗೇ ಹೆಮ್ಮೆ ಉಕ್ಕಿತು. ನಿರ್ದೇಶಕರು ಬೈಯದೆ, ತಲೆಯಾಡಿಸಿ ಹೊರಟುಹೋದರು.

ಬೈದಿದ್ದರೇ ವಾಸಿಯಿತ್ತು. ಅಲ್ಲಿಂದಾಚೆ ಇಡೀ ಮಹಡಿ ಮಾತು ಬಿಟ್ಟಿತು. ಚಹಾ ಎಲ್ಲರ ಮೇಜಿಗೂ ಬಂತು, ಸಾರ್‌ನ ಮೇಜನ್ನು ಬಳಸಿಕೊಂಡು ಮುಂದೆ ಹೋಯಿತು. ಕನ್ನಡಕದ ಹುಡುಗಿಯೂ ಕುರ್ಚಿ ಆ ಕಡೆ ತಿರುಗಿಸಿಕೊಂಡಳು. ಒಳ್ಳೆಯವರು ಅನ್ನಿಸಿಕೊಂಡೇ ಬದುಕಿದ ಮನುಷ್ಯ. ಒಂದೇ ದಿನಕ್ಕೆ ಇಷ್ಟು ಜನ ದೂರವಾದದ್ದರಿಂದ ಅವರಿಗೆ ತುಂಬ ನೋವಾಯಿತು.

ಆಗ ಎದುರಿನ ಕುರ್ಚಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಬಂದು ಕೂತಳು. ಕೊರಳಲ್ಲಿ ಅತಿಥಿಗಳ ಬಿಲ್ಲೆ. ಮೀಟಿಂಗಿಗೆ ಕರೆಯುವವರೆಗೆ ಇಲ್ಲಿ ಕೂರಬಹುದೇ ಎಂದಳು. ಪಾಸ್‌ವರ್ಡ್ ಕೇಳಲಿಲ್ಲ, ಕಂಪ್ಯೂಟರಿನ ಕಡೆ ನೋಡಲೂ ಇಲ್ಲ.

“ಯಾಕೆ ಸಾರ್, ಸಪ್ಪಗಿದೀರಾ?”

ಆ ಒಂದು ಮಾತಿಗೆ ಸಾರ್ ಕುರ್ಚಿಯನ್ನು ಪೂರ್ತಿ ಆಕೆಯ ಕಡೆ ತಿರುಗಿಸಿಕೊಂಡರು. ಆಕೆಯ ಅಣ್ಣನೂ ತಲೆ ನರೆತ ಮೇಲೆ ಹೊಸ ಕೆಲಸ ಹಿಡಿದವನಂತೆ. ಸಾರ್ ಸ್ಟುಡಿಯೋ ಮುಚ್ಚಿದ್ದನ್ನು ಹೇಳಿದರು. ಕ್ಯಾಮರಾ ಹೊತ್ತು ತಿರುಗುತ್ತಿದ್ದ ಮೊದಲ ಮೊಪೆಡ್ಡಿನ ವಿಷಯ ಬಂತು, ಆಕೆ ನಕ್ಕಳು. ಸೋರುವ ಸೂರಿನ ಮೊದಲ ಶಾಲೆಯ ವಿಷಯ ಬಂತು, ಆಕೆ ನಿಟ್ಟುಸಿರಿಟ್ಟಳು. ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುವುದನ್ನು ಹೇಳುವಾಗ ಸಾರ್‌ನ ಮುಖ ಅರಳಿತ್ತು. ಆಕೆ ಎದ್ದುಹೋದ ಮೇಲೆ ಸಾರ್‌ನ ಎದೆ ಹಗುರಾಗಿತ್ತು.

ಆಫೀಸು ಬಿಡುವ ಹೊತ್ತಿಗೆ ಮುಖ್ಯಸ್ಥೆ ಮತ್ತೆ ಕರೆದಳು. ಸಾರ್ ಎದೆಯುಬ್ಬಿಸಿಕೊಂಡು ಹೋಗಿ, ಬಂದವರನ್ನೆಲ್ಲ ಹೇಗೆ ವಾಪಸು ಕಳಿಸಿದೆನೆಂದು ವರದಿ ಒಪ್ಪಿಸಿದರು.

“ಸಾರ್, ಅವರೆಲ್ಲ ನಿಜವಾದವರೇ. ಗೋದಾಮಿನ ಲಾರಿಗಳು ಇನ್ನೂ ನಿಂತಿವೆ. ನಿರ್ದೇಶಕರು ಅತಿಥಿಗಳಿಗೆ ಕೈಸನ್ನೆಯಲ್ಲೇ ಎಲ್ಲಾ ವಿವರಿಸಿದ್ರು.” ಅವಳು ಪಕ್ಕದ ಕೋಣೆಯ ಕಡೆ ಕೈ ತೋರಿಸಿದಳು. “ನಾನು ಕಳಿಸಿದ್ದು ನಿಮ್ಮ ಎದುರು ಕೂತಿದ್ರಲ್ಲ, ಆ ಅಕ್ಕನ್ನ. ಮೊದಲ ಶಾಲೆ, ಮೊದಲ ಗಾಡಿ, ಮಗಳ ಮುದ್ದಿನ ಹೆಸರು. ನಿಮ್ಮ ಮೂರು ಪ್ರಶ್ನೆ ಅವೇ ಅಲ್ವಾ? ಪಕ್ಕದ ಕೋಣೆಗೆ ಬಂದು ಅಷ್ಟನ್ನೂ ಕಂಪ್ಯೂಟರಿಗೆ ಹೇಳಿ, ನಿಮ್ಮ ಖಾತೆಯೊಳಗೆ ಹೋಗಿ ಕೂತ್ರು. ನಿಮ್ಮ ಖಾತೆ ಸಿಕ್ಕಿದ್ರೆ ಇಡೀ ಕಂಪನಿ ಸಿಕ್ಕಿದ ಹಾಗೆ.”

ಸಾರ್‌ನ ಉಬ್ಬಿದ್ದ ಎದೆ ಇಳಿದುಹೋಯಿತು. ಅವಳಿಗೂ ಬೇಸರವಾಗಿತ್ತು. ಕುರ್ಚಿಯ ವಿಷಯ ಅವಳು ಎತ್ತಲಿಲ್ಲ. ಹೊಸ ಪ್ರಶ್ನೆಗಳನ್ನು ಆರಿಸಿಕೊಂಡೇ ಮನೆಗೆ ಹೋಗಬೇಕೆಂದಳು. ಸಾರ್ ತುಂಬ ಯೋಚಿಸಿ, ಹೆಂಡತಿಗೂ ಗೊತ್ತಿರದಂಥ ಮೂರನ್ನು ಆರಿಸಿಕೊಂಡರು: ನೆಚ್ಚಿನ ಮೇಷ್ಟ್ರ ಹೆಸರು, ಬಾಲ್ಯದ ಗೆಳೆಯನ ಅಡ್ಡಹೆಸರು, ಮೊದಲು ತೆಗೆದ ಫೋಟೋ ಯಾರದೆಂಬುದು.

ಲಿಫ್ಟಿನ ಬಳಿ ಅದೇ ಹೆಂಗಸು ನಿಂತಿದ್ದಳು.

“ಕೋಪ ಮಾಡ್ಕೋಬೇಡಿ ಸಾರ್. ಅದು ನನ್ನ ಕೆಲಸ. ಆದ್ರೆ ನಿಮ್ಮ ಮಾತು ಕೇಳ್ತಾ ನಿಜವಾಗ್ಲೂ ಮನಸ್ಸು ತುಂಬಿ ಬಂತು.”

“ಇದೂ ಪರೀಕ್ಷೆನಾ?”

“ಇಲ್ಲ ಸಾರ್, ಡ್ಯೂಟಿ ಮುಗೀತು. ಸುಮ್ನೆ ಕೇಳ್ತೀನಿ, ನಿಮಗೆ ಈ ಫೋಟೋದ ಹುಚ್ಚು ಹತ್ತಿದ್ದು ಹೇಗೆ?”

ಆಕೆಯ ಮುಖದಲ್ಲಿ ಮೋಸವಿರಲಿಲ್ಲ. ಇಷ್ಟು ತಿಂಗಳಲ್ಲಿ ಆ ಆಫೀಸಿನಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಸಾರ್, ಶಾಲೆಯ ಕ್ಯಾಮರಾವನ್ನು ಕೈಗೆ ಕೊಟ್ಟ ಮೇಷ್ಟ್ರ ಹೆಸರು ಹೇಳಿದರು. ಅದನ್ನು ಹಿಡಿಯಲು ಕಲಿಸಿದ ಗೆಳೆಯನನ್ನು ಊರೆಲ್ಲ ಏನೆಂದು ಕರೆಯುತ್ತಿತ್ತೆಂದು ಹೇಳಿದರು. ಮೊದಲ ಫೋಟೋ ಶಾಲೆಯ ಗಂಟೆ ಹೊಡೆಯುವವನದು, ಅದರಲ್ಲಿ ಅವನ ತಲೆಯೇ ಬಂದಿರಲಿಲ್ಲ ಎಂದೂ ಹೇಳಿದರು. ಇಬ್ಬರೂ ಮನಸಾರೆ ನಕ್ಕರು.

ಕೆಳಗೆ ಬಾಗಿಲು ತೆರೆಯಿತು. ಆಕೆ ಕೈಮುಗಿದು ಹೊರಗೆ ಹೋದಳು. ಸಾರ್ ಒಂದು ಕಾಲು ಹೊರಗಿಟ್ಟವರು ಹಾಗೇ ನಿಂತರು. ಆಮೇಲೆ ಕಾಲು ಒಳಕ್ಕೆಳೆದುಕೊಂಡು, ಮುಖ್ಯಸ್ಥೆ ಇನ್ನೂ ಹೊರಟಿರದಿರಲಿ ಎಂದುಕೊಳ್ಳುತ್ತ, ಮತ್ತೆ ಮೇಲಿನ ಮಹಡಿಯ ಗುಂಡಿ ಒತ್ತಿದರು.