ಬಡತನದ ರಿಹರ್ಸಲ್

ಗುರುಲಿಂಗನ ಕಣ್ಣು ಹತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಏನೋ ಒಳಒಪ್ಪಂದವಿತ್ತು. ಅವತ್ತೂ ಅವನ ರೆಪ್ಪೆ ರೆಪ್ಪೆಗೆ ತಾಗಿತು, ತಲೆಯ ಮೇಲಿನ ಪಂಖಾ ನಿಂತಿತು.

ಅವನದು ವೆರ್ಣಾದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಊರೆಲ್ಲ ಏಳುವ ಹೊತ್ತಿಗೆ ಕಂಪನಿ ಬಸ್ಸಿನಿಂದಿಳಿದು, ಸಾಂಕೋಲೆಯ ಚಾಳಿನ ಸಾಲುಮನೆಗೆ ಬಂದು, ರೊಟ್ಟಿ ತಿಂದು ಚಾಪೆಗೆ ಬೀಳುವ ಆಸಾಮಿ. ಮೇ ತಿಂಗಳಲ್ಲಿ ಪಂಖಾ ಇಲ್ಲದೆ ಆ ಹೆಂಚಿನ ಕೆಳಗೆ ಮಲಗುವುದೆಂದರೆ ಇಡ್ಲಿ ಪಾತ್ರೆಯಲ್ಲಿ ತಾನೇ ಹೋಗಿ ಕೂತು ಮುಚ್ಚಳ ಎಳೆದುಕೊಂಡಂತೆ. ಹೋದ ವಾರ ಯಂತ್ರದ ಮುಂದೆ ನಿಂತಲ್ಲೇ ಗೊರಕೆ ಹೊಡೆದಿದ್ದ. ಇನ್ನೊಂದು ಸಲ ಕಣ್ಣು ಮುಚ್ಚಿದರೆ ಗೇಟೂ ಮುಚ್ಚುತ್ತದೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದ.

ಆಸೆ ಉಳಿದಿದ್ದು ಒಂದೇ. ವಾಸ್ಕೋದ ಒಂದು ಪತ್ತಿನ ಸಂಘ ಬಡವರ ಮನೆಗೆ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ ಕೂಡಿಸಿ ಕೊಡುತ್ತಿತ್ತು. ಅರ್ಧ ಖರ್ಚು ಸಂಘದ್ದು, ಉಳಿದರ್ಧ ಸಣ್ಣ ಕಂತಿನಲ್ಲಿ ತೀರಿಸಬೇಕು. ಜನರೇಟರಿನ ಹೊಗೆಯಿಲ್ಲ, ಬೊಬ್ಬೆಯಿಲ್ಲ. ಕರೆಂಟು ಹೋದರೂ ಪಂಖಾಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಈ ಸಲ ಒಂದು ಚಾಳಿಗೆ ಒಂದೇ. ಗುರುಲಿಂಗ ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದ್ದ. ಮಧ್ಯಾಹ್ನ ಸಂಘದ ಸಾಹೇಬರು ಮನೆ ನೋಡಲು ಬರುವವರಿದ್ದರು.

ಸುದ್ದಿ ತಿಳಿದು ಮೊದಲು ಬಂದವನು ಕೊನೆ ಮನೆಯ ಖೀರಪ್ಪ. ರೇಷನ್ ಕಾರ್ಡಿನಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಚಾಳಿನ ಸಕಲ ಅರ್ಜಿಗಳ ಅರ್ಚಕ.

"ಲೇ ಗುರುಲಿಂಗಾ, ಸಾಲ ಕೇಳಾವ್ರು ಮನಿ ಹಿಂಗ ಇಡ್ತಾರೇನೋ?"

"ಯಾಕ ಕಾಕಾ? ನಂದಾ ಮುಂಜಾನಿಂದ ಒರಸಿ ಚಲೋ ಇಟ್ಟಾಳಲ್ಲ."

"ಅದ ತಪ್ಪು! ಇದು ಬಡವರಿಗೆ ಕೊಡೂ ಸಾಲ. ಟಿವಿ ಐತಿ, ಮಿಕ್ಸರ್ ಐತಿ, ಮ್ಯಾಲ ಪಂಖಾ ಐತಿ. ಈ ಥಾಟು ನೋಡಿ ಸಾಹೇಬನ ತಿರುಗಿ ನಿನ್ನ ಕಡೆ ಸಾಲ ಕೇಳ್ಯಾನು!"

ಗುರುಲಿಂಗನ ಹೆಂಡತಿ ನಂದಾ ಒಲೆಯ ಮುಂದಿನಿಂದಲೇ ಕೇಳಿದಳು, "ಪಂಖಾ ತಿರುಗಲಿ ಅಂತ ಸಾಲ ಕೇಳಾಕತ್ತೇವಿ. ಪಂಖಾನ ತಗದ್ರ ಹೆಂಗ್ರಿ ಕಾಕಾ?"

"ಆಫೀಸಿನ ವ್ಯವಹಾರ ನಿನಗ ತಿಳಿಯೂದಿಲ್ಲವ್ವ. ನೀ ಸುಮ್ನ ಮಿಕ್ಸರ್ ಎತ್ತು."

ನಿದ್ದೆಗೆಟ್ಟ ತಲೆಯೊಳಗೆ ಯಾರ ಬುದ್ಧಿಯಾದರೂ ಸಲೀಸಾಗಿ ಹೊಕ್ಕುಬಿಡುತ್ತದೆ. ತಡೆಯುವುದಕ್ಕೆ ಒಳಗೆ ಯಾರೂ ಎಚ್ಚರವಿರುವುದಿಲ್ಲ. ಗುರುಲಿಂಗ ಟಿವಿ ಹೊತ್ತ.

ಸಾಮಾನು ಇಡುವುದೆಲ್ಲಿ? ಪಕ್ಕದ ಮನೆಯ ಮುರುಗೆವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಗಂಡನಿಲ್ಲದ ಹೆಂಗಸು, ಬಂದರದಲ್ಲಿ ಕಸ ಗುಡಿಸಿ ಬದುಕುತ್ತಿದ್ದಳು. ಮನೆಯಲ್ಲಿ ಒಂದು ಟ್ರಂಕು, ಒಂದು ಬಲ್ಬು. "ನಮ್ಮಲ್ಲೇ ಇಡ್ರಿ ತಮ್ಮಾ, ಮನಿ ಹೆಂಗೂ ಖಾಲಿನ ಐತಿ" ಎಂದಳು. ಟಿವಿ ಹೋಯಿತು, ಮಿಕ್ಸರ್ ಹೋಯಿತು, ಇಸ್ತ್ರಿ ಪೆಟ್ಟಿಗೆ ಹೋಯಿತು. ಖೀರಪ್ಪ ಸ್ಟೂಲು ಹತ್ತಿ ಪಂಖಾ ಬಿಚ್ಚಿದ. ಅದು ಅವನ ಕೈಯಿಂದ ಜಾರಿ ಗುರುಲಿಂಗನ ಹೆಗಲೇರಿತು, ಜಾತ್ರೆಯಲ್ಲಿ ದಣಿದ ಮಗುವಿನಂತೆ.

"ನೆಲದ ಮ್ಯಾಲ ಇಟ್ರ ರೆಕ್ಕಿ ಸೊಟ್ಟ ಆಗ್ತಾವ. ನಮ್ಮ ಕೊಂಡಿಗೇ ಹಾಕ್ರಿ" ಎಂದಳು ಮುರುಗೆವ್ವ. ಖೀರಪ್ಪ ಹಾಕಿದ. ಹಾಕಿದವನು ಅದರ ವಾಯರನ್ನೂ ಟಿವಿಯ ವಾಯರನ್ನೂ ಜೋಡಿಸಿದ. ಅರ್ಧ ಕೆಲಸ ಮಾಡುವ ಮನುಷ್ಯನೇ ಅಲ್ಲ ಅವನು. ಆಮೇಲೆ ಗುರುಲಿಂಗನಿಗೆ ಹರಕು ಬನಿಯನ್ ಹಾಕಿಕೋ ಎಂದ. ಹರಕು ಇರಲಿಲ್ಲ. ಹೊಸದನ್ನೇ ಹರಿದು ಕೊಟ್ಟ.

ಊಟದ ಹೊತ್ತಿಗೆ ಕರೆಂಟು ಬಂತು, ಹಿಂದೆಯೇ ಸಾಹೇಬರೂ ಬಂದರು. ಹೆಸರು ಶಶಿಧರ, ಬೆಳಗಾವಿ ಕಡೆಯವರು. ಹೆಲ್ಮೆಟ್ ತೆಗೆದಾಗ ತಲೆಯಿಂದ ಆವಿ ಬರುವುದೊಂದೇ ಬಾಕಿ. ಕೂತು ಗಾಳಿಗಾಗಿ ಮೇಲೆ ನೋಡಿದರು. ಖಾಲಿ ಕೊಂಡಿ ಕೆಳಗೆ ನೋಡಿತು.

"ಲೋಡ್ ಎಷ್ಟ ಅದರಿ ನಿಮ್ಮದು?"

"ಭಾಳ ಐತ್ರಿ ಸಾಹೇಬ್ರ. ಮನಿ ಬಾಡಿಗಿ, ಊರಿಗೆ ಕಳಸೂದು..."

"ಕರೆಂಟಿನ ಲೋಡ್ ಕೇಳಾಕತ್ತೇನ್ರಿ. ಪಂಖಾ, ಟಿವಿ?"

"ಏನಂದ್ರ ಏನೂ ಇಲ್ರಿ. ಅಗದೀ ಬಡವ್ರು" ಎಂದು ಗುರುಲಿಂಗ ಬನಿಯನ್ನಿನ ತೂತು ಅಗಲಿಸಿ ತೋರಿಸಿದ.

"ಮತ್ತ ಕರೆಂಟ್ ಹೋದ್ರ ನಿಮಗೇನ್ರಿ ತ್ರಾಸು?"

ಗುರುಲಿಂಗ ಖೀರಪ್ಪನ ಮುಖ ನೋಡಿದ. ಖೀರಪ್ಪ ಕೊಂಡಿಯ ಮುಖ ನೋಡಿದ. ಒಳಗೆ ನಂದಾ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದಳು.

"ಹಂಗಲ್ರಿ, ಪಂಖಾ ಐತ್ರಿ... ಬಾಜೂ ಮನ್ಯಾಗ..."

"ಬಾಜೂ ಮನ್ಯಾಗ ಪಂಖಾ ಅದ? ಮೊದಲ ಹೇಳಬಾರದೇನ್ರಿ! ಅಲ್ಲೇ ಕೂಡೂಣು ನಡೀರಿ, ಇಲ್ಲಿ ಜೀವ ಹೊಂಟದ."

ಮುರುಗೆವ್ವ ಕೋಕಂ ಶರಬತ್ತು ಕೊಟ್ಟಳು. ಪಂಖಾ ಗರಗರ ತಿರುಗಿತು. ಸಾಹೇಬರು ಅಂಗಿಯ ಗುಂಡಿ ಬಿಚ್ಚಿ "ಹಾ!" ಎನ್ನುವಷ್ಟರಲ್ಲಿ ಕರೆಂಟು ಮತ್ತೆ ಹೋಯಿತು. ಟಿವಿಯಲ್ಲಿ ಅತ್ತೆ ಎತ್ತಿದ ಕೈ ಸೊಸೆಯ ಕೆನ್ನೆ ಮುಟ್ಟುವ ಮೊದಲೇ ಮಾಯವಾಯಿತು.

"ದಿನಾ ಇದ ಹಾಡರಿ" ಎಂದು ಮುರುಗೆವ್ವ ನಿಟ್ಟುಸಿರಿಟ್ಟಳು. "ಗಂಡ ಇಲ್ರಿ, ಬಂದರದಾಗ ಕಸಾ ಹೊಡಿತೇನಿ."

ಸಾಹೇಬರು ಬೆವರು ಒರೆಸಿಕೊಂಡು ಸುತ್ತ ನೋಡಿದರು. ಪಂಖಾ, ಟಿವಿ, ಮಿಕ್ಸರ್, ಇಸ್ತ್ರಿ. ಒಂದೊಂದಾಗಿ ಬರೆದುಕೊಂಡರು. "ಖರೇ ತ್ರಾಸು ಅಂದ್ರ ಇಲ್ಲದ ನೋಡ್ರಿ."

"ಸಾಹೇಬ್ರ, ಆ ಪಂಖಾ ನಂದ್ರಿ!"

"ಏನ್ರಿ ನೀವು? ಈಗರೆ ಏನೂ ಇಲ್ಲ ಅಂದ್ರಿ. ಈಗ ಬಡ ಹೆಣಮಗಳ ಪಂಖಾದ ಮ್ಯಾಲ ಕಣ್ಣು?"

"ಇರ್ಲಿ ಬಿಡ್ರಿ ಸಾಹೇಬ್ರ" ಎಂದಳು ಮುರುಗೆವ್ವ, ಸಾಕ್ಷಾತ್ ಕರುಣೆಯೇ ಸೆರಗು ಹೊದ್ದಂತೆ. "ರಾತ್ರಿ ಪಾಳಿ. ನಿದ್ದಿಗೆಟ್ಟು ಏನರೆ ಮಾತಾಡ್ತಾನ."

ಹೌದಿರಬಹುದೇ ಎಂದು ಗುರುಲಿಂಗನಿಗೇ ಅನುಮಾನ ಬಂತು. ಬಾಗಿಲ ಚೌಕಟ್ಟಿಗೆ ಒರಗಿ ಯೋಚಿಸುತ್ತ ಯೋಚಿಸುತ್ತ, ನಿಂತಲ್ಲೇ ನಿದ್ದೆ ಹೋದ.

"ಲೇ, ಮಂಜೂರಾತು! ಸಹಿ ಹಾಕೋ ಲಗೂನ!" ಖೀರಪ್ಪ ಭುಜ ಅಲುಗಿಸಿ, ಕೈಯಲ್ಲಿ ಪೆನ್ನು ತುರುಕಿದ. ಮಂಜೂರು ಎಂಬ ಒಂದೇ ಶಬ್ದ ಕಿವಿಗೆ ಬಿದ್ದಿತ್ತು. ಗುರುಲಿಂಗನ ಮುಖ ಅರಳಿತು. ತೋರಿಸಿದ ಕಡೆಯಲ್ಲೆಲ್ಲ, ಒಂದೆರಡು ತೋರಿಸದ ಕಡೆಯೂ ಸಹಿ ಹಾಕಿದ.

"ಭಾಳ ದೊಡ್ಡ ಮನಸ್ಸರಿ ನಿಮ್ಮದು" ಎಂದು ಸಾಹೇಬರು ಕೈ ಕುಲುಕಿದರು. "ಈ ಅಕ್ಕಾವರಿಗೆ ಜಾಮೀನು ನಿಂತ್ರಿ."

"ಜಾಮೀನ?"

"ಚಾಳಿನಾಗ ಪಗಾರ ಚೀಟಿ ಇರೂದು ನಿನ್ನ ಕಡೆ ಒಬ್ಬನ ಕಡೆ ಅಲ್ಲೇನೋ" ಎಂದ ಖೀರಪ್ಪ, ಅವನು ನಿದ್ದೆಯಲ್ಲಿದ್ದಾಗಲೇ ಮುರುಗೆವ್ವನ ಹೆಸರಲ್ಲಿ ಬರೆದ ಇನ್ನೊಂದು ಅರ್ಜಿ ದಡ ಮುಟ್ಟಿಸಿದ ಖುಷಿಯಲ್ಲಿ.

ಗುರುಲಿಂಗ ಗಂಟಲು ಸರಿಮಾಡಿಕೊಂಡ. "ಆತ್ರಿ ಸಾಹೇಬ್ರ. ನಿಂತೇನಿ. ನಮ್ಮ ಸಾಮಾನರೆ ನಾವು..."

"ಯಾವ ಸಾಮಾನು? ಬರದಿದ್ದು ಎಲ್ಲಾ ಇದ ಮನ್ಯಾಗ ಇರಬೇಕ್ರಿ. ಕಂತು ಮುಗಿಯೂ ಮಟಾ ನಾವು ಬಂದು ನೋಡ್ತೇವಿ. ಒಂದು ಕಮ್ಮಿ ಆದ್ರೂ ಪೂರಾ ಸಾಲ ಜಾಮೀನದಾರನ ಪಗಾರದಾಗ ಕಟ್."

ಸಾಹೇಬರು ಹೋದರು. ಕರೆಂಟು ಬಂತು. ಮುರುಗೆವ್ವ ಪಂಖಾದ ಕೆಳಗೆ ಚಾಪೆ ಹಾಸಿ, ತೋಳನ್ನೇ ದಿಂಬು ಮಾಡಿಕೊಂಡು ಕಾಲು ಚಾಚಿದಳು. ಬಾಗಿಲಲ್ಲಿ ಇನ್ನೂ ನಿಂತೇ ಇದ್ದ ಗುರುಲಿಂಗನನ್ನು ಒಂದು ಕಣ್ಣು ತೆರೆದು ನೋಡಿದಳು.

"ತಮ್ಮಾ, ನಾ ಸ್ವಲ್ಪ ಅಡ್ಡಾಗ್ತೇನಿ. ನೀ ಅಲ್ಲೇ ಎಚ್ಚರ ಕುಂದರು. ಯಾರರೆ ಪಂಖಾ ಒಯ್ದಾರು, ಸುಮ್ನ ನಿನ್ನ ಪಗಾರಕ್ಕ ತ್ರಾಸು."