ಪಿಂಬಲ್ ಸಾಹೇಬರ ಮಾರ್ಚ್

ಪ್ರಿನ್ಸಿಪಾಲರು "ಕೂತ್ಕೊಳ್ಳಿ" ಎಂದರೆ ನನಗೆ ಮೊದಲು ಕುರ್ಚಿಯ ಮೇಲೆ ಅನುಮಾನ, ಆಮೇಲೆ ಪ್ರಿನ್ಸಿಪಾಲರ ಮೇಲೆ. ಜೊತೆಗೆ ಟೀ ತರಿಸಿದರಂತೂ ಕೆಲಸ ಹೋಯಿತೆಂದೇ ಲೆಕ್ಕ. ಹಲಸೂರಿನ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಬ್ಯಾಂಡ್ ಮಾಸ್ತರನಾಗಿದ್ದೇನೆ. ಮಕ್ಕಳು ಅಪಸ್ವರ ಊದಿದರೂ ಸ್ಟಾಫ್ ರೂಮಿನವರು ಯಾರೋ ಹೇಳಿಕೊಟ್ಟಿರಬೇಕು ಎನ್ನುವ ಮನುಷ್ಯ ನಾನು. ಇದು ಕಾಯಿಲೆ ಎಂದು ಹೆಂಡತಿ ಹೇಳುತ್ತಾಳೆ. ಅವಳಿಗೆ ಯಾರು ಹೇಳಿಕೊಟ್ಟರೋ.

ಈ ಸಲ ಟೀ ಬಂದೇಬಿಟ್ಟಿತು. ಹೊಸ ಪ್ರಿನ್ಸಿಪಾಲ್ ಮೇಡಂ ಧಾರವಾಡದ ಕಡೆಯವರು. ಕ್ರೀಡಾದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಬ್ಯಾಂಡ್ ನುಡಿಸುವ ಪ್ರತಿ ತುಣುಕಿನ ಕೆಳಗೂ ಅದನ್ನು ಸಂಯೋಜಿಸಿದವರ ಹೆಸರು ಅಚ್ಚಾಗಿರುತ್ತದೆ. ಆ ಹೆಸರುಗಳ ಮೇಲೆ ಬೆರಳಾಡಿಸಿ, ಆರಕ್ಕೆ ಆರೂ ಬಿಳಿಯರೇ ಯಾಕೆ, ಆಫ್ರಿಕಾದವರು, ಅಮೆರಿಕದ ಕಪ್ಪು ಜನ, ನಮ್ಮವರು ಯಾರೂ ಬ್ಯಾಂಡಿಗೆ ಬರೆದೇ ಇಲ್ಲವೇ ಎಂದು ಕೇಳಿದರು. ಮೂರು ತೆಗೆದು ಬೇರೆ ಮೂರು ಹಾಕಬೇಕಂತೆ. ಮಾತು ನ್ಯಾಯವಾಗಿತ್ತು, ಅದಕ್ಕೇ ನನ್ನ ಅನುಮಾನ ಹೆಚ್ಚಿತು. ಮೊದಲ ಕೆಂಪು ಗೆರೆ ಬಿದ್ದದ್ದು ಎಡ್ಗರ್ ಪಿಂಬಲ್ ಅವರ, ಪಥಸಂಚಲನಕ್ಕೆ ನುಡಿಸುವ ಮಾರ್ಚ್ ಮೇಲೆ. ನಾನು ಟೀ ಲೋಟ ಕೆಳಗಿಟ್ಟೆ.

ಯಾಕೆಂದರೆ ಪಿಂಬಲ್ ಎಂಬ ಮನುಷ್ಯನೇ ಇಲ್ಲ. ಆ ಮಾರ್ಚನ್ನು ಜೋಗುಪಾಳ್ಯದ ನಮ್ಮ ಮನೆಯ ತಾರಸಿಯಲ್ಲಿ, ಕಾಗೆಗಳಿಂದ ಹಪ್ಪಳ ಕಾಯುತ್ತ ಬರೆದವನು ನಾನು. ಹಿಂದಿನ ಪ್ರಿನ್ಸಿಪಾಲರಿಗೆ ನನ್ನ ಹೆಸರಿನಲ್ಲೇ ಕೊಟ್ಟಾಗ ಅವರು ತಿರುಗಿಯೂ ನೋಡಲಿಲ್ಲ. ಮರುವರ್ಷ ಅದನ್ನೇ ಪಿಂಬಲ್ ಹೆಸರಿನಲ್ಲಿ ಮಕ್ಕಳಿಂದ ನುಡಿಸಿದೆ. "ಮ್ಯೂಸಿಕ್ ಅಂದ್ರೆ ಇದಪ್ಪಾ" ಎಂದು ತಲೆದೂಗಿದರು. ಅಂದಿನಿಂದ ಪ್ರತಿ ವರ್ಷ ಮಕ್ಕಳು ಹೆಜ್ಜೆ ಹಾಕುವುದು ಅದಕ್ಕೇ. ಈ ಜನ್ಮದಲ್ಲಿ ನಾನು ಬರೆದದ್ದು ಅದೊಂದೇ, ಅದೂ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನಾಚಿಕೆ ಬಿಟ್ಟು ಹೇಳಿಬಿಟ್ಟೆ. "ಮೇಡಂ, ಅದನ್ನ ತೆಗೀಬೇಡಿ. ಬರೆದಿದ್ದು ನಾನೇ."

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ನೋಟದ ಪರಿಚಯ ನನಗೆ ಚೆನ್ನಾಗಿದೆ. ಊರಿಗೆಲ್ಲ ಅದನ್ನು ಹಂಚುವವನೇ ನಾನು.

"ಸರ್, ನಮ್ಮವರ ಹೆಸರು ಬೇಕು ಅಂತ ನಾ ಹೇಳಿದ ಕೂಡ್ಲೆ ಸಾಹೇಬನ ಟ್ಯೂನ್ ನಿಮ್ದು ಆತೇನ್ರಿ? ಇದು ಚಲೋ ಅಲ್ಲ ನೋಡ್ರಿ."

ಸಾಕ್ಷಿ ತರುತ್ತೇನೆಂದು ಬ್ಯಾಂಡ್ ರೂಮಿಗೆ ಓಡಿ, ಬೀರುವಿನ ತಳದಿಂದ ಹಳೆಯ ಪ್ರತಿ ಹೊರತೆಗೆದೆ. ಅಕ್ಷರವೇನೋ ನನ್ನದೇ. ಆದರೆ ಮೂಲೆಯಲ್ಲಿ ಅದೇ ಮುದ್ದಾದ ಅಕ್ಷರದಲ್ಲಿ 'ಎಡ್ಗರ್ ಪಿಂಬಲ್, ಲಂಡನ್' ಎಂದಿತ್ತು. ಅಲ್ಲೇ ನಿಂತು ಮೊದಲ ಪುಟ ಗುನುಗಿಕೊಂಡೆ. ಎಷ್ಟು ಚೆನ್ನಾಗಿದೆ ಎನಿಸಿತು. ಪ್ರತಿಯನ್ನು ಬೀರುವಿನಲ್ಲೇ ಇಟ್ಟು ಬೀಗ ಹಾಕಿದೆ. ಇಷ್ಟು ಒಳ್ಳೆಯ ಮಾರ್ಚನ್ನು ಜೋಗುಪಾಳ್ಯದವನೊಬ್ಬ ಬರೆದಿರಬಹುದೆಂದು ನನಗೇ ನಂಬಿಕೆ ಬರಲಿಲ್ಲ.