ಮೈನಸ್ ಕಡೆ ವಾಲಿದ ಮುಳ್ಳು

ಗಂಡ: ಕಣ್ಣಿದ್ರೆ ನೋಡಿ ಭಾವ! ಆಂಪ್ಸ್ ಮೀಟರ್ ಮುಳ್ಳು ಮೈನಸ್ ಕಡೆ ವಾಲಿದೆ. ಯಾವನೋ ದಡ್ಡ ವೈರ್ ಉಲ್ಟಾ ಕೊಟ್ಟಿದಾನೆ.

ಅಣ್ಣ: ಉಲ್ಟಾ ಇರೋದು ನಿಮ್ಮ ತಲೆ, ಭಾವನವರೇ. ಪಕ್ಕದ ವೋಲ್ಟ್ ಮೀಟರ್ ಹನ್ನೆರಡು ತೋರಿಸ್ತಿಲ್ವಾ? ಬ್ಯಾಟರಿ ಗಟ್ಟಿಯಾಗಿದೆ. ಆ ಆಂಪ್ಸ್ ಮೀಟರೇ ಸತ್ತಿದೆ, ಕಿತ್ತೆಸೀರಿ!

ಐವತ್ತು ವರ್ಷದ ಹಳೇ ಕಾರು ಮನೆ ಮುಂದೆ ನಿಂತಿತ್ತು. ಹಾಡಹಗಲಲ್ಲಿ ಅದರ ದೀಪಗಳೆಲ್ಲ ಉರಿಯುತ್ತಿದ್ದವು. ಇಂಜಿನ್ ಮಾತ್ರ ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಮುಂದೆ ಗಂಡ ಮತ್ತು ಹೆಂಡತಿಯ ಅಣ್ಣ; ಹಿಂದಿನ ಸೀಟಿನಲ್ಲಿ ಹೆಂಡತಿ ಗಡಿಯಾರ ನೋಡುತ್ತಾ ಕೂತಿದ್ದಳು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋದವಳಿಗೆ ಇವತ್ತು ನಿವೃತ್ತಿ, ಹತ್ತು ಗಂಟೆಗೆ ಬೀಳ್ಕೊಡುಗೆ. ಕೊನೆಯ ದಿನವಾದರೂ ಕಾರಲ್ಲಿ ಹೋಗು ಎಂದು ಗಂಡ ಹಟ ಹಿಡಿದಿದ್ದ. ಅವಳಿಗೂ ಒಳಗೊಳಗೇ ಆಸೆಯಿತ್ತು. ಅದೇ ತಪ್ಪಾಯಿತು.

ಹೆಂಡತಿ: ರೀ, ಮೊದಲು ಇಂಜಿನ್ ಸ್ಟಾರ್ಟ್ ಮಾಡಿ.

ಗಂಡ: ನೀನು ಸುಮ್ನಿರೇ, ಇದು ಕರೆಂಟಿನ ವಿಷಯ.

ಅಣ್ಣ: ನಿನಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಕೇಳಮ್ಮ. ವೋಲ್ಟ್ ಅಂದ್ರೆ ಟ್ಯಾಂಕಲ್ಲಿ ನೀರು ಎಷ್ಟು ಎತ್ತರಕ್ಕಿದೆ ಅಂತ. ಆಂಪ್ಸ್ ಅಂದ್ರೆ ಪೈಪಲ್ಲಿ ಎಷ್ಟು ಹರೀತಿದೆ ಅಂತ.

ಹೆಂಡತಿ: ಹಾಗಾದ್ರೆ ಮೈನಸ್ ಅಂದ್ರೆ ನೀರು ಹೊರಗೆ ಹೋಗ್ತಿದೆ ಅಂತ ತಾನೇ? ತುಂಬಿಸೋ ಪಂಪು ಇಂಜಿನ್ನು. ಅದನ್ನ ಆಫ್ ಮಾಡಿ, ಇದ್ದಬದ್ದ ನಲ್ಲೀನೆಲ್ಲ ಬಿಟ್ಕೊಂಡು ಕೂತಿದೀರಲ್ಲ!

ಅಲ್ಲಿಯವರೆಗೆ ಹಾವು ಮುಂಗುಸಿಯಂತಿದ್ದವರು ಅವಳನ್ನು ನೋಡಿ ನಗುವುದಕ್ಕೆ ಮಾತ್ರ ಒಂದಾದರು.

ಗಂಡ: ಫೈಲು ತಿರುವಿದಷ್ಟು ಸುಲಭ ಅಲ್ಲ ಕಣೇ. ಭಾವ, ವೈಪರ್ರೂ ಹಾಕ್ತೀನಿ. ಮುಳ್ಳು ಅಲ್ಲಾಡಿದ್ರೆ ಮೀಟರ್ ಬದುಕಿದೆ ಅಂತ ಒಪ್ಕೋತೀರಾ?

ಅಣ್ಣ: ಹಾರ್ನೂ ಒತ್ತಿ! ನನ್ನ ವೋಲ್ಟ್ ಮುಳ್ಳು ಹನ್ನೊಂದಕ್ಕಿಳಿದ್ರೆ ಮೀಸೆ ಬೋಳಿಸ್ಕೋತೀನಿ.

ವೈಪರ್ ಆಡಿತು, ಹಾರ್ನ್ ಬೀದಿ ಎಬ್ಬಿಸಿತು. ಒಂದು ಮುಳ್ಳು ಇನ್ನಷ್ಟು ಎಡಕ್ಕೆ ಹೋಯಿತು. ಇನ್ನೊಂದು ಹನ್ನೊಂದು ದಾಟಿ ಹತ್ತಕ್ಕಿಳಿಯಿತು. ಹಾರ್ನಿನ ಗಂಟಲು ಕಟ್ಟಿತು. ಗಂಡ ಗಡಿಬಿಡಿಯಿಂದ ಕೀ ತಿರುಗಿಸಿದ. ‘ಟಕ್’ ಎಂದಿತು, ಅಷ್ಟೇ.

ಗಂಡ: ನೋಡಿದ್ರಾ! ನನ್ನ ಮೀಟರ್ ಸತ್ತಿರ್ಲಿಲ್ಲ!

ಅಣ್ಣ: ನಂದೂ ಸುಳ್ಳು ಹೇಳ್ಲಿಲ್ಲವಲ್ಲ! ಎರಡೂ ಭೇಷಾಗಿವೆ, ಭಾವನವರೇ!

ಇಬ್ಬರೂ ಕೈ ಕುಲುಕಿದರು. ಹತ್ತಕ್ಕೆ ಇಪ್ಪತ್ತೇ ನಿಮಿಷವಿತ್ತು. ಹೆಂಡತಿಯ ಪಿತ್ತ ನೆತ್ತಿಗೇರಿತು. ಇಳಿದು ಬಂದು ಗಂಡನನ್ನು ಎಬ್ಬಿಸಿ ಸ್ಟೇರಿಂಗ್ ಹಿಡಿದು ಕೂತಳು. ಲೈಸೆನ್ಸ್ ಅವಳಿಗೂ ಇತ್ತು. ಕೀ ಮಾತ್ರ ಇದುವರೆಗೆ ಸಿಕ್ಕಿರಲಿಲ್ಲ.

ಹೆಂಡತಿ: ತಳ್ಳಿ, ಇಬ್ಬರೂ.

ಅಣ್ಣ: ಎಲ್ಲೀ ತನಕ?

ಹೆಂಡತಿ: ಬಸ್ ಸ್ಟಾಪ್ ತನಕ. ಅಷ್ಟರಲ್ಲಿ ಇಂಜಿನ್ ಸ್ಟಾರ್ಟ್ ಆದ್ರೆ ನಾನು ಹೀಗೇ ಕಾರಲ್ಲಿ ಹೋಗ್ತೀನಿ, ನೀವಿಬ್ಬರೂ ಬಸ್ಸಲ್ಲಿ ಬನ್ನಿ.